ಕೊಂಡುದೆಲ್ಲ ತನ್ನದಾಗದು

ವಿಶ್ವವಿದ್ಯಾಲಯವೊಂದರ ಕಲಾಸಂಗ್ರಹದ ಹಿರಿಮೆಯನ್ನು ಅಲ್ಲಿರುವ ಕೃತಿಗಳ ಸಂಖ್ಯೆಯಿಂದಲೂ ಸೌಂದರ್ಯದಿಂದಲೂ ಅಳೆಯುವುದು ವಾಡಿಕೆ. ಅವು ಅಲ್ಲಿಗೆ ಬಂದ ದಾರಿ ಶುದ್ಧವಾದುದೇ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯವು ಬೆನಿನ್ ಅರಸನ ಶಿರಪ್ರತಿಮೆಯನ್ನು ಹಿಂದಿರುಗಿಸಿದ ಪ್ರಸಂಗವು ಈ ದೃಷ್ಟಿಯಿಂದ ವಿಚಾರಾರ್ಹವಾಗಿದೆ.

ಬೆನಿನ್ ರಾಜ್ಯವಿದ್ದುದು ಈಗಿನ ನೈಜೀರಿಯಾ ದೇಶದ ದಕ್ಷಿಣ ಭಾಗದಲ್ಲಿ. ಅಲ್ಲಿಯ ಅರಸನಿಗೆ 'ಓಬಾ' ಎಂದು ಹೆಸರು. ಮೇಣದ ರೂಪವನ್ನು ಕರಗಿಸಿ ಲೋಹವನ್ನು ಎರಕ ಹೊಯ್ಯುವ ವಿದ್ಯೆಯಲ್ಲಿ ಅಲ್ಲಿಯ ಕಂಚುಗಾರರು ನುರಿತವರು. ಇಂತಹ ಶಿರಗಳು ಕೇವಲ ಅಲಂಕಾರದ ವಸ್ತುಗಳಲ್ಲ; ಗತಿಸಿದ ಅರಸರ ಸ್ಮರಣೆಗಾಗಿ ಪಿತೃವೇದಿಕೆಗಳ ಮೇಲೆ ಇರಿಸಿದಂಥವು. 1897ರಲ್ಲಿ ಬ್ರಿಟಿಷ್ ಸೇನೆಯು ಬೆನಿನ್ ನಗರವನ್ನು ಹಿಡಿದು, ಅರಸನನ್ನು ಗಡೀಪಾರು ಮಾಡಿ, ಸಾವಿರಾರು ಕೃತಿಗಳನ್ನು ಕೊಳ್ಳೆಹೊಡೆಯಿತು. ಆ ಕೊಳ್ಳೆಯಲ್ಲಿ ಹೋದ ಶಿರವೊಂದನ್ನು ವಿಶ್ವವಿದ್ಯಾಲಯವು 1957ರಲ್ಲಿ ಹರಾಜಿನಲ್ಲಿ ಕೊಂಡಿತು.

ಬೆಲೆ ತೆತ್ತು ಕೊಂಡುದರಲ್ಲಿ ದೋಷವೇನೆಂದು ಕೆಲವರು ವಾದಿಸುವುದುಂಟು. ಕೊಂಡವನ ಪ್ರಾಮಾಣಿಕತೆ ಬೇರೆ, ವಸ್ತುವಿನ ಮೇಲಣ ಹಕ್ಕು ಬೇರೆ. ಮೊದಲ ಕೈಗೇ ಇಲ್ಲದ ಒಡೆತನವು ಹತ್ತನೆಯ ಕೈಗೆ ಬಂದೀತು ಹೇಗೆ? 'ನಾವು ಕಾಪಾಡಿದೆವು, ಆದುದರಿಂದ ನಮ್ಮದು' ಎಂಬ ಮಾತೂ ನಿಲ್ಲತಕ್ಕುದಲ್ಲ. ಕಾಪಾಡಿದವನಿಗೆ ಕೃತಜ್ಞತೆ ಸಲ್ಲಬಹುದು, ಒಡೆತನ ಸಲ್ಲದು.

ಅಬರ್ಡೀನ್ ಈ ಸತ್ಯವನ್ನು ಒಪ್ಪಿಕೊಂಡಿತು. ಕೆನಡಾದ ಕೈನಾಯ್ ಜನರ ಪವಿತ್ರ ಶಿರೋಭೂಷಣವೊಂದನ್ನು ಅದು 2003ರಲ್ಲಿಯೇ ಮರಳಿಸಿತ್ತು. 2021ರ ಮಾರ್ಚಿಯಲ್ಲಿ ಓಬಾ ಶಿರದ ವಿಷಯದಲ್ಲಿಯೂ ಹಾಗೆಯೇ ನಿರ್ಧರಿಸಿ, ಅಕ್ಟೋಬರ್ 28ರಂದು ಅದನ್ನು ನೈಜೀರಿಯಾದವರಿಗೆ ಒಪ್ಪಿಸಿತು. ಅದರ ಹಿಂದಿನ ದಿನವಷ್ಟೇ ಕೇಂಬ್ರಿಜ್‌ನ ಜೀಸಸ್ ಕಾಲೇಜು ತನ್ನಲ್ಲಿದ್ದ ಬೆನಿನ್ನಿನ ಕಂಚಿನ ಹುಂಜವನ್ನು ಮರಳಿಸಿತ್ತು. ಈ ನಡೆ ಶ್ಲಾಘನೀಯ. ಆದರೂ 1897ರ ಕೊಳ್ಳೆಯು 1957ರಲ್ಲಿ ಗುಟ್ಟಿನ ಸಂಗತಿಯಾಗಿರಲಿಲ್ಲವೆಂಬುದನ್ನು ಮರೆಯಲಾಗದು. ಹಿಂದಿರುಗಿಸುವಾಗ ತೋರಿದ ವಿವೇಕವನ್ನು ಕೊಳ್ಳುವಾಗಲೇ ತೋರಿದ್ದರೆ ಅರುವತ್ತನಾಲ್ಕು ವರ್ಷಗಳ ವಿಳಂಬ ತಪ್ಪುತ್ತಿತ್ತು.

2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಇಂತಹ ಕೃತಿಗಳ ಒಡೆತನ ಓಬಾ ಅವರದೆಂದು ಘೋಷಿಸಿದಾಗ, ಅವು ಸಾರ್ವಜನಿಕರ ಕಣ್ಣಿಗೆ ಮರೆಯಾದಾವೆಂದು ಯೂರೋಪಿನಲ್ಲಿ ಆಕ್ಷೇಪ ಎದ್ದಿತು. ಆ ಆತಂಕ ನಿರಾಧಾರವೆನ್ನಲಾಗದು. ಆದರೆ ಅದನ್ನು ನಿರ್ಣಯಿಸುವವರು ಅಲ್ಲಿಯ ಜನರೇ ಹೊರತು ಹಿಂದಿರುಗಿಸಿದವರಲ್ಲ. ಷರತ್ತು ಹಾಕಿ ಕೊಟ್ಟುದು ಎರವಲಾದೀತು, ಮರಳಿಕೆಯಾಗದು.

ವಿದ್ಯಾಸಂಸ್ಥೆಗೆ ಈ ಹೊಣೆ ಮಿಕ್ಕವರಿಗಿಂತ ಹೆಚ್ಚು. ತರಗತಿಯಲ್ಲಿ ನ್ಯಾಯವನ್ನು ಬೋಧಿಸಿ, ಗಾಜಿನ ಕಪಾಟಿನಲ್ಲಿ ಕೊಳ್ಳೆಯನ್ನು ಇರಿಸಿಕೊಂಡರೆ ಅದರ ನುಡಿಯನ್ನು ನಡೆಯೇ ಅಲ್ಲಗಳೆಯುತ್ತದೆ.