ಬಾಯಿಮಾತಿನ ಹೊಲ
‘ಅಲ್ಕರ್ರಾಸ್’ ಕ್ಯಾಟಲಾನ್ ಭಾಷೆಯ ಸಿನಿಮಾ. ಕಾರ್ಲಾ ಸಿಮೊನ್ ನಿರ್ದೇಶನ. 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಪಡೆಯಿತು. ರೋಣ, ನರಗುಂದದ ಒಕ್ಕಲು ಮನೆಯವರಿಗೆ ಇದರ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಪೇನ್‌ನ ಅಂತರ್ಯುದ್ಧದ ಕಾಲಕ್ಕೆ ಧಣಿಗಳನ್ನು ಬಚ್ಚಿಟ್ಟು ಕಾಪಾಡಿದ್ದಕ್ಕೆ ಸೊಲೆ ಮನೆತನಕ್ಕೆ ಸಿಕ್ಕ ಪೀಚ್ ತೋಟ. ಕಾಗದಪತ್ರ ಮಾತ್ರ ಇಲ್ಲ. ಈಗಿನ ಧಣಿಗೆ ಅಲ್ಲಿ ಸೋಲಾರ್ ಹಾಕಬೇಕಾಗಿದೆ. ಅಜ್ಜ ರೊಜೆಲಿಯೊ ಜಗಳಕ್ಕೆ ನಿಲ್ಲುವವನಲ್ಲ, ಧಣಿಗೆ ಅಂಜೂರ ಹಣ್ಣು ಒಯ್ದು ಕೊಡುವವನು. ಇಡೀ ಚಿತ್ರದಲ್ಲಿ ನನ್ನ ಕರುಳು ಹಿಂಡಿದ್ದು ಆ ಹಣ್ಣು. ಮಗ ಕಿಮೆಟ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಧಣಿಯ ಮೇಲೆ ಸಾಗದ್ದು ಮಕ್ಕಳ ಮೇಲೆ, ಸೋಲಾರ್ ಕೆಲಸಕ್ಕೆ ಮನಸೋತ ಒಡಹುಟ್ಟಿದವಳ ಗಂಡನ ಮೇಲೆ ಹರಿಯುತ್ತದೆ. ನಟಿಸಿದವರು ಬಹುತೇಕ ಆ ಸೀಮೆಯ ಮಂದಿಯೇ. ಹಣ್ಣು ಹರಿಯುವ ಕೈಚಳಕ ನೋಡಿದರೇ ಗೊತ್ತಾಗುತ್ತದೆ.

ಬೆಲೆ ಸಿಗದ ರೈತರು ಪೀಚ್ ಸುರಿದು ಪ್ರತಿಭಟಿಸುವಾಗ ನಮಗೆ ನೆನಪಾಗುವುದು ಮಲಪ್ರಭಾ ಕಾಲುವೆಯ ಕರದ ವಿರುದ್ಧ 1980ರ ಜುಲೈನಲ್ಲಿ ಎದ್ದ ನರಗುಂದ. ಗಜೇಂದ್ರಗಡದ ಗುಡ್ಡಗಳ ಗಾಳಿಯಂತ್ರ ಕಂಡವರಿಗೆ ಸೋಲಾರ್ ಕಥೆಯೂ ದೂರದ್ದಲ್ಲ.

ಪಾತ್ರಗಳು ತುಸು ಹೆಚ್ಚಾದವು. ಯಾರು ಯಾರ ಮಗ ಎಂದು ಮೊದಮೊದಲು ತಡಕಾಡಬೇಕು. ಕೂಡುಮನೆಯಲ್ಲಿ ಬೆಳೆದವರಿಗೆ ಅದೂ ಸಲೀಸು.