ಬೆಟ್ಟದ ರಿಪೀಟರ್‌ನ ಜಾಣ್ಮೆ

ಒಂದೇ ತರಂಗಾಂತರದಲ್ಲಿ ಎರಡು ರೇಡಿಯೋ ಮೋಡೆಮ್‌ಗಳು ಒಟ್ಟಿಗೆ ಸಂದೇಶ ಕಳಿಸಿದರೆ ಸಾಮಾನ್ಯವಾಗಿ ಎರಡೂ ಕೆಡುತ್ತವೆ. 1971ರಲ್ಲಿ ಹವಾಯಿಯಲ್ಲಿ ಶುರುವಾದ ಅಲೋಹಾ ಜಾಲದ ಉಪಾಯ ಸರಳ: ಸ್ವೀಕೃತಿ ಬಾರದಿದ್ದರೆ, ಲಾಟರಿ ಎತ್ತಿದಂತೆ ಸಿಕ್ಕಷ್ಟು ಹೊತ್ತು ಕಾದು ಮತ್ತೆ ಕಳಿಸುವುದು. ಆದರೆ ಇದರಲ್ಲಿ ದಕ್ಕುವುದು ಹೆಚ್ಚೆಂದರೆ ವಾಹಿನಿಯ ಸಾಮರ್ಥ್ಯದ ಶೇ. 18ರಷ್ಟು.

ಅದಕ್ಕಿಂತ, ವಾಹಿನಿ ಬಿಡುವಾಗಿದೆಯೇ ಎಂದು ಮೊದಲು ಕಿವಿಗೊಟ್ಟು ಕಳಿಸುವುದೇ ಲೇಸು. ಆದರೆ, ಉದಾಹರಣೆಗೆ, ಸಿಂಧಘಟ್ಟ, ಪಾಂಡವಪುರಗಳ ಮೋಡೆಮ್‌ಗಳಿಗೆ ಪರಸ್ಪರರ ದನಿ ಕೇಳದೆ, ಮೇಲುಕೋಟೆ ಬೆಟ್ಟದ ಮೇಲಿನ, ಕೇಳಿದ್ದನ್ನು ಮರಳಿ ಸಾರುವ ರಿಪೀಟರ್‌ಗೆ ಮಾತ್ರ ಎರಡೂ ಕೇಳುವಂತಿದ್ದರೆ ಅದೂ ಸಾಲದು. ಇಲ್ಲಿಯೇ ದ್ವಿಮುಖ ರಿಪೀಟರ್‌ನ ಸೊಗಸು ಕಾಣುವುದು. ಒಂದು ತರಂಗಾಂತರದಲ್ಲಿ ಕೇಳಿದ್ದನ್ನು ಅದು ತಕ್ಷಣವೇ ಇನ್ನೊಂದರಲ್ಲಿ ಸಾರುತ್ತದೆ. ದಾರಿ ಬಿಡುವಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ. 2005ರಲ್ಲಿ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹವೂ ಕೇಳುವುದಕ್ಕೊಂದು, ಸಾರುವುದಕ್ಕೊಂದು ತರಂಗಾಂತರವನ್ನು ಬಳಸಿತ್ತು.

ಒಂದೇ ತರಂಗಾಂತರದ ರಿಪೀಟರ್ ಆದರೆ, ಮೊದಲು ಚಿಕ್ಕ ಕೋರಿಕೆ ಕಳಿಸಿ ಅದರಿಂದ ಅನುಮತಿ ಪಡೆಯಬೇಕು. ಆ ಅನುಮತಿ ಕೇಳಿದ ಉಳಿದ ಮೋಡೆಮ್‌ಗಳು ಸುಮ್ಮನಿರುತ್ತವೆ.