ತೋರಿಸುವ ಮುನ್ನ ಆಗಬೇಕಾದ ತೀರ್ಮಾನ

ರೈತರು, ಮೆಕ್ಯಾನಿಕ್‌ಗಳು, ನಾಟಿ ವೈದ್ಯರು ತಾವೇ ಕಂಡುಕೊಂಡ ಉಪಾಯಗಳನ್ನು ಹುಡುಕಿ ದಾಖಲಿಸುವ ಹನಿ ಬೀ ಜಾಲವನ್ನು ಕಟ್ಟಿದವರು ಅಹಮದಾಬಾದ್ ಐಐಎಂನ ಅನಿಲ್ ಗುಪ್ತಾ. ಅದರ ಪತ್ರಿಕೆ 'ಹಿತ್ತಲ ಗಿಡ' ಎಂಬ ಹೆಸರಿನಲ್ಲಿ ಕನ್ನಡಕ್ಕೂ ಬಂತು. ಹಳ್ಳಿಯವರಿಂದ ಕೇಳಿ ತಿಳಿದು, ಅವರ ಹೆಸರನ್ನೇ ಬಿಟ್ಟು ಪ್ರಬಂಧ ಬರೆಯುವ ವಿದ್ವಾಂಸರ ಚಾಳಿಗೆ ಇದು ನೇರ ಉತ್ತರ. ಹೇಳಿದವರ ಹೆಸರು, ಊರು ಅಚ್ಚಾಗಬೇಕು. ತಿಳಿದದ್ದು ಅವರ ಭಾಷೆಯಲ್ಲೇ ಅವರಿಗೆ ಮರಳಬೇಕು. ಇಷ್ಟಕ್ಕೇ ಈ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ.

ತೊಡಕು ಇರುವುದೂ ಅಲ್ಲೇ. ಅಚ್ಚಾಗಿ ಎಲ್ಲರಿಗೂ ತಿಳಿದ ಮೇಲೆ ಅದು ಪೇಟೆಂಟ್ ಕಾನೂನಿನ ಕಣ್ಣಿಗೆ ಹೊಸದಲ್ಲ. 2000ದಲ್ಲಿ ಶುರುವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಇದಕ್ಕಾಗಿ ಮೊದಲೇ ಒಪ್ಪಿಗೆ ಪತ್ರ ಪಡೆಯುವ ಪದ್ಧತಿ ತಂದಿತು: ಯಾವುದನ್ನು ಹಂಚಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಕಂಡುಹಿಡಿದವರದೇ ತೀರ್ಮಾನ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ಈ ಅವಧಿಯನ್ನು ಸರಿಯಾಗಿ ವಿವರಿಸದೆ ಸಹಿ ಹಾಕಿಸಿಕೊಂಡರೆ ಒಪ್ಪಿಗೆಗೆ ಅರ್ಥವಿಲ್ಲ.

ಅಮ್ರೇಲಿಯ ಮನ್‌ಸುಖ್‌ಭಾಯಿ ಜಗಾನಿ ಬುಲೆಟ್ ಬೈಕಿಗೆ ನೇಗಿಲು, ಕುಂಟೆ ಜೋಡಿಸಿ 'ಬುಲೆಟ್ ಸಾಂತಿ' ಮಾಡಿದರು. ಬರಗಾಲದಲ್ಲಿ ಎತ್ತು ಸಾಕಲಾಗದವರಿಗೆ ಅದು ವರವಾಯಿತು. ಅದಕ್ಕೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಗೌರವ ಸರಿ, ಆದರೆ ಪೇಟೆಂಟ್ ನಡೆಯುವುದು ಕೊಟ್ಟ ದೇಶದಲ್ಲಿ ಮಾತ್ರ, ಸಾಂತಿ ಬೇಕಾದದ್ದು ಸೌರಾಷ್ಟ್ರದ ಹೊಲಕ್ಕೆ. ರೈತರು ರೈತರಿಂದ ನಕಲು ಮಾಡಿಕೊಳ್ಳಲಿ, ಕಂಪನಿಗಳು ಮಾತ್ರ ಹಣ ಕೊಡಲಿ ಎಂಬ ಗುಪ್ತಾ ಅವರ ನಿಲುವು ನನಗೆ ಪೂರ್ತಿ ಒಪ್ಪಿಗೆ. ಹಕ್ಕು ಕೈಲಿದ್ದವರಷ್ಟೇ ಹೀಗೆ ಬಿಟ್ಟುಕೊಡಬಲ್ಲರು.

ಪರಂಪರೆಯ ಕಸುಬಿಗೆ ಈ ದಾರಿ ಇಲ್ಲ. ಸೂರತ್ತಿನ ಜರಿ, ವಡೋದರಾ ಬಳಿಯ ಸಂಖೇಡಾದ ಅರಗಿನ ಪೀಠೋಪಕರಣ, ನಮ್ಮ ಚನ್ನಪಟ್ಟಣದ ಬೊಂಬೆ ಎಲ್ಲಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದು ಊರಿನ ಹೆಸರನ್ನು ಕಾಯುತ್ತದೆ. ಒಬ್ಬ ಕುಶಲಕರ್ಮಿ ಹೊಸದಾಗಿ ಕಂಡುಕೊಂಡ ವಿಧಾನವನ್ನಲ್ಲ.

ಇನ್ನು ಕೋರ್ಟಿನ ಮಾತು. 2019ರಲ್ಲಿ ಪೆಪ್ಸಿಕೋ ತನ್ನ ಎಫ್‌ಸಿ5 ಆಲೂಗಡ್ಡೆ ತಳಿ ಬೆಳೆದರೆಂದು ಸಾಬರಕಾಂಠಾದ ರೈತರ ಮೇಲೆ ಅಹಮದಾಬಾದಿನಲ್ಲೇ ದಾವೆ ಹೂಡಿ, ಕೆಲವರಿಂದ ತಲಾ 1 ಕೋಟಿ ರೂಪಾಯಿಗೂ ಹೆಚ್ಚು ಕೇಳಿತ್ತು. ಜನ ಸಿಡಿದೆದ್ದಾಗ ಹಿಂತೆಗೆದುಕೊಂಡಿತು. ಕಂಪನಿಗೆ ವಕೀಲರಿದ್ದರು. ಜಗಾನಿಯವರಂಥವರ ಹಕ್ಕನ್ನು ಯಾರಾದರೂ ಮುರಿದರೆ ದಾವೆಯ ಖರ್ಚನ್ನು ಹೊರುವವರು ಯಾರೆಂಬುದೂ ಆ ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು.